ಅಟ್ಟದಲ್ಲಿ ಸಿಕ್ಕ ಹಳೆಯ ಉಪಕರಣ ಯಾವ ಕೆಲಸದ್ದು? ಸವೆತ ಓದಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಹಳೆಯ ಮನೆ ಬಿಚ್ಚುವಾಗ, ಅಟ್ಟ ಗುಡಿಸುವಾಗ, ಗುಜರಿ ರಾಶಿ ಕೆದಕುವಾಗ ಹೆಸರೇ ಗೊತ್ತಿಲ್ಲದ ಕಬ್ಬಿಣದ ತುಂಡೊಂದು ಕೈಗೆ ಬರುತ್ತದೆ. ಹಿಡಿ ಇದೆ, ತೂತಿದೆ, ಒಂದು ಮೂಲೆಯಲ್ಲಿ ಅಕ್ಷರ ಇದ್ದಂತಿದೆ. ಯಾವ ಕೆಲಸದ್ದೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿ ಉಳಿದಿಲ್ಲ. ಆಗ ಹೆಚ್ಚಿನವರು ಆಕಾರ ನೋಡಿ ಊಹಿಸಲು ಹೊರಡುತ್ತಾರೆ, ಅಲ್ಲೇ ದಾರಿ ತಪ್ಪುತ್ತದೆ. ಒಂದೇ ಆಕಾರ ಅಕ್ಕಸಾಲಿಗರಲ್ಲಿ ಒಂದು ಕೆಲಸ ಮಾಡಿದರೆ ಅಡುಗೆಮನೆಯಲ್ಲಿ ಇನ್ನೊಂದು ಮಾಡುತ್ತದೆ. ಸವೆತ ಹಾಗಲ್ಲ. ಇಪ್ಪತ್ತು ವರ್ಷ ಒಂದೇ ಕೈ ಒಂದೇ ವಸ್ತುವಿನ ಮೇಲೆ ನಡೆಸಿದ ಕೆಲಸ ಲೋಹದ ಮೇಲೂ ಮರದ ಮೇಲೂ ಬರೆದಿಟ್ಟಂತೆ ಉಳಿದಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲ ಸ್ಥಾನ ಸವೆತಕ್ಕೆ, ಆಮೇಲೆ ಅಳತೆಗೆ, ಕೊನೆಗೆ ಆಕಾರಕ್ಕೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಸಣ್ಣ ಅಯಸ್ಕಾಂತ, 15 ಸೆಂ.ಮೀ. ಸ್ಟೀಲ್ ಸ್ಕೇಲ್, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್, ಟಾರ್ಚ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಅಡುಗೆಮನೆಯ ತಕ್ಕಡಿ, ತೆಳು ಕಾಗದ, ಪೆನ್ಸಿಲ್, ಸೀಮೆಎಣ್ಣೆ, ಹತ್ತಿಬಟ್ಟೆ, ಒಂದು ಬಾರ್ ಬಟ್ಟೆ ಸೋಪು. ಸೋಪು ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ತೊಳೆಯಬೇಡಿ

ಸಿಕ್ಕ ಕೂಡಲೇ ಉಪ್ಪುಕಾಗದ ಹಿಡಿದು ಉಜ್ಜುವುದು, ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಹೊಳಪು ತರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಾಗೆ ಮಾಡಿದರೆ ಅಕ್ಷರ ಹೋಗುತ್ತದೆ, ಸವೆತದ ಗೆರೆ ಹೋಗುತ್ತದೆ, ಜೊತೆಗೆ ಅಂಟಿಕೊಂಡಿದ್ದ ಕೊಳೆಯೂ ಹೋಗುತ್ತದೆ. ಆ ಕೊಳೆ ಕಸವಲ್ಲ, ಸಾಕ್ಷಿ. ಗಾಜಿನಂತೆ ಮಿನುಗುವ ತೆಳು ಪದರ ಇದ್ದರೆ ಅದು ಬೆಸುಗೆಗೆ ಬಳಸಿದ ಬಿಳಿಗಾರ ಇರಬಹುದು, ಅಂದರೆ ಅಕ್ಕಸಾಲಿಗರ ಅಥವಾ ಕಂಚುಗಾರರ ಕಡೆ ನೋಡಬೇಕು. ಮೇಣ ಮತ್ತು ಕಪ್ಪು ದಾರದ ನಾರು ಸಿಕ್ಕರೆ ಚರ್ಮ ಹೊಲಿಯುವವರ ಕಡೆ. ಉದ್ದ ಹಿಡಿಯ ಉಳಿಗೆ ಕೆಂಪು, ಹಳದಿ, ಹಸಿರು ಅರಗಿನ ಚುಕ್ಕೆ ಅಂಟಿದ್ದು, ಹಿಡಿಯ ಹಿಂಭಾಗದಲ್ಲಿ ಪೆಟ್ಟಿನ ಗುರುತೇ ಇಲ್ಲದಿದ್ದರೆ ಅದು ಮರವನ್ನು ತಿರುಗಿಸಿ ಕಡೆಯುವ ಉಳಿ. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ಹಾಲೆ ಮರವನ್ನು ಹೀಗೆ ಕಡೆದು, ತಿರುಗುತ್ತಿರುವಾಗಲೇ ಅರಗು ಒತ್ತಿ ಬಣ್ಣ ಕೊಡುತ್ತಾರೆ.

ಆದ್ದರಿಂದ ಸಿಕ್ಕ ಸ್ಥಿತಿಯಲ್ಲೇ ಆರು ಕಡೆಯಿಂದಲೂ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ಎಲ್ಲಿ ಸಿಕ್ಕಿತು, ಜೊತೆಯಲ್ಲಿ ಇನ್ನೇನಿತ್ತು ಎಂದು ಆಗಲೇ ಬರೆದಿಡಿ. ಒಂದೇ ಪೆಟ್ಟಿಗೆಯಲ್ಲಿ ಒರೆಗಲ್ಲು, ಊದುಗೊಳವೆ, ಸಣ್ಣ ಇಕ್ಕಳ ಇದ್ದರೆ ಅದರೊಳಗಿನ ಅಪರಿಚಿತ ವಸ್ತುವಿನ ಮುಕ್ಕಾಲು ಪಾಲು ಒಗಟು ಅಲ್ಲೇ ಬಿಡುತ್ತದೆ. ಪೆಟ್ಟಿಗೆ ಚದುರಿಸಿ, ಒಂದೊಂದನ್ನೇ ಬೇರೆಬೇರೆ ಮಾರಿದ ಮೇಲೆ ಈ ಸುಳಿವು ಮತ್ತೆ ಸಿಗದು.

ಅನಂತರ ಹತ್ತಿಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿ. ತುಕ್ಕು ದಪ್ಪಗಿದ್ದರೆ ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಅದಕ್ಕೂ ಬಗ್ಗದ ತುಕ್ಕಿಗೆ ವಿದ್ಯುತ್ ವಿಧಾನವಿದೆ: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್, ಋಣ ತಂತಿ ಉಪಕರಣಕ್ಕೆ, ಧನ ತಂತಿ ಬೇಡದ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲುಬದಲಾದರೆ ಉಪಕರಣವೇ ಕರಗತೊಡಗುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ಅದರಲ್ಲಿನ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಬಯಲಲ್ಲೇ, ಬೆಂಕಿಯಿಂದ ದೂರವೇ ಮಾಡಬೇಕು. ಮರದ ಹಿಡಿ, ಹಿತ್ತಾಳೆ ಅಣಸು (ಹಿಡಿಯ ತುದಿಗೆ ಹಾಕುವ ಬಳೆ) ಇರುವ ಉಪಕರಣಕ್ಕೆ ಈ ವಿಧಾನ ಬೇಡ.

ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚುವವರು ಒಂದು ಮಾತು ನೆನಪಿಡಬೇಕು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಎರಡನೇ ಹೆಜ್ಜೆ: ಲೋಹ ಯಾವುದು, ಹೇಗೆ ಮಾಡಿದ್ದು

ಅಯಸ್ಕಾಂತ ಹಿಡಿಯಿರಿ. ಹಳದಿಯಾಗಿ ಕಂಡರೂ ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಲೇಪ. ಎರಕದ ಕಬ್ಬಿಣದಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಸಣ್ಣ ಏಣು ಉಳಿದಿರುತ್ತದೆ, ಮುರಿದ ಜಾಗ ಬೂದುಬಣ್ಣದ ಕಾಳುಕಾಳಾಗಿ ಕಾಣುತ್ತದೆ. ಕುಲುಮೆಯಲ್ಲಿ ಬಡಿದು ಮಾಡಿದ್ದಾದರೆ ಸುತ್ತಿಗೆಯ ಚಪ್ಪಟೆ ಗುರುತುಗಳಿರುತ್ತವೆ, ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ. ಹಳೆಯ ಬಡಿಗಬ್ಬಿಣ ತುಕ್ಕು ಹಿಡಿದಾಗ ಮರದ ಎಳೆಯಂತೆ ಉದ್ದುದ್ದ ಗೆರೆ ಬಿಡುತ್ತದೆ. ಇದನ್ನು ಕಂಡರೆ ವಸ್ತು ಸಾಕಷ್ಟು ಹಳೆಯದು.

ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕಮ್ಮಾರರು ಮೈಯನ್ನೆಲ್ಲ ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ತುಂಡು ಬೆಸೆಯುತ್ತಿದ್ದರು. ಅಲಗಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಜಾಗ ಉಜ್ಜಿ, ಐದು ನಿಮಿಷ ವಿನಿಗರ್ ಹತ್ತಿ ಇಟ್ಟು ಒರೆಸಿದರೆ ಉಕ್ಕು ಕಪ್ಪಾಗಿಯೂ ಕಬ್ಬಿಣ ಬೆಳ್ಳಗೂ ಉಳಿದು ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಎಲ್ಲಿದೆಯೋ ಅದೇ ಕತ್ತರಿಸುವ ಭಾಗ. ಯಾವ ತುದಿ ಕೆಲಸದ್ದು ಎಂಬುದೇ ತಿಳಿಯದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಗಡಸುತನಕ್ಕೆ ಹೊಸ ಅರವನ್ನು ಕಾಣದ ಮೂಲೆಯಲ್ಲಿ ಒಮ್ಮೆ ಎಳೆಯಿರಿ: ಜಾರಿದರೆ ಹದ ಹಾಕಿದ ಉಕ್ಕು, ಕಚ್ಚಿದರೆ ಮೆದು.

ಮೂರನೇ ಹೆಜ್ಜೆ: ಸವೆತ ಓದುವುದು

ಕೋಣೆಯ ದೀಪ ಆರಿಸಿ. ಟಾರ್ಚನ್ನು ಮೇಲಿನಿಂದ ಬಿಡದೆ, ಉಪಕರಣದ ಮೈಗೆ ತಾಗುವಷ್ಟು ಅಡ್ಡಲಾಗಿ ಹಿಡಿದು ನಿಧಾನ ತಿರುಗಿಸಿ. ಹಗಲಲ್ಲಿ ಕಾಣದ ತಗ್ಗು, ಗೆರೆ, ಅಕ್ಷರ ಎಲ್ಲಕ್ಕೂ ನೆರಳು ಬೀಳುತ್ತದೆ.

ಹಿಂಬದಿಯಿಂದ ಶುರುಮಾಡಿ. ಲೋಹದ ಹಿಂತುದಿ ಅಣಬೆಯ ಕೊಡೆಯಂತೆ ಅರಳಿದ್ದರೆ ಕಬ್ಬಿಣದ ಸುತ್ತಿಗೆಯ ಪೆಟ್ಟು ತಿಂದದ್ದು. ಚಾಣ, ತೂತು ಹೊಡೆಯುವ ಮೊಳೆ ಈ ಜಾತಿಯವು. ಮರದ ಹಿಡಿಯ ತುದಿಯಲ್ಲಿ ಎಳೆಗಳು ಬಿಟ್ಟು ಕುಂಚದಂತಾಗಿದ್ದರೆ ಮರದ ಕೊಡತಿಯಿಂದ ಹೊಡೆದದ್ದು, ಬಡಗಿಯ ಉಳಿ. ತುದಿ ಉರುಟಾಗಿ, ಕನ್ನಡಿಯಂತೆ ನಯವಾಗಿದ್ದರೆ ಅಂಗೈಯಲ್ಲಿ ಒತ್ತಿ ತಳ್ಳಿದ್ದು. ಅಕ್ಕಸಾಲಿಗರು ಗೀರಿ ಚಿತ್ತಾರ ಬಿಡಿಸುವ ಕಿರು ಉಳಿಯ ಗುಂಡು ಹಿಡಿ ಹೀಗಿರುತ್ತದೆ, ಅದರ ಒಂದು ಪಕ್ಕವನ್ನು ಎಷ್ಟೋ ಸಲ ಚಪ್ಪಟೆ ಮಾಡಿರುತ್ತಾರೆ. ಕೆಲಸದ ಮೇಲೆ ತೀರ ಅಡ್ಡಲಾಗಿ ಹಿಡಿಯಲು ಆ ಚಪ್ಪಟೆ ಬೇಕು.

ಹಿಡಿಯ ಮೇಲೆ ಹೊಳಪು ಎಲ್ಲಿದೆ? ಒಂದೇ ಕಡೆಯಿದ್ದರೆ ಒಂದು ಕೈಯ ಉಪಕರಣ, ಎರಡು ಕಡೆಯಿದ್ದರೆ ಎರಡು ಕೈ. ಹೆಬ್ಬೆರಳು ಕೂತ ತಗ್ಗು ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿದರೆ ಬಳಸಿದವರು ಎಡಗೈಯವರೋ ಎಂಬುದೂ ಗೊತ್ತಾಗುತ್ತದೆ. ಅಣಸಿನ ಬಳಿ ಮರ ಸುಟ್ಟು ಕಪ್ಪಾಗಿದ್ದರೆ, ಬಾಯಿಯಲ್ಲಿ ನೀಲಿ ಅಥವಾ ಹೊಪ್ಪಳೆಯೆದ್ದ ಕಪ್ಪು ಇದ್ದರೆ ಬೆಂಕಿಯ ಕೆಲಸ.

ಬಾಯಿಯನ್ನು ಮಸೂರದಲ್ಲಿ ನೋಡಿ. ಒಂದೇ ಕಡೆ ಇಳಿಜಾರಾಗಿದ್ದು ಇನ್ನೊಂದು ಕಡೆ ಚಪ್ಪಟೆಯಿದ್ದರೆ ಸಮತಟ್ಟು ಮಾಡುವ, ಕೆತ್ತುವ ಉಪಕರಣ. ಎರಡೂ ಕಡೆ ಇಳಿಜಾರಿದ್ದರೆ ಸೀಳುವ ಅಥವಾ ಕಡಿಯುವ ಉಪಕರಣ. ಬಾಚಿಯ ಇಳಿಜಾರು ಕಾವಿನ ಕಡೆಗೆ, ಒಳಮುಖವಾಗಿರುತ್ತದೆ. ಇದೊಂದನ್ನು ನೋಡಿದರೆ ಬಾಚಿಗೂ ಸಣ್ಣ ಗುದ್ದಲಿಗೂ ವ್ಯತ್ಯಾಸ ತಿಳಿಯುತ್ತದೆ. ಗುದ್ದಲಿಯ ಬಾಯಿ ಮಣ್ಣಿನ ಕಲ್ಲು ತಾಗಿ ಮೊಂಡಾಗಿ, ಮೂಲೆ ಉರುಟಾಗಿ ಸವೆಯುತ್ತದೆ. ಬಾಚಿಯ ಬಾಯಿಯಲ್ಲಿ ಸಾಣೆಕಲ್ಲಿನ ಸಣ್ಣ ಗೆರೆಗಳಿರುತ್ತವೆ.

ಸವೆತವೇ ಇಲ್ಲದಿದ್ದರೆ? ಆಗ ಆ ವಸ್ತು ಬಳಕೆಗೆ ಬಂದಿಲ್ಲ, ಇಲ್ಲವೇ ಅಳತೆ ನೋಡುವ ಮಟ್ಟವೋ ಗೇಜೋ ಆಗಿರಬೇಕು. ಅಳತೆಯ ಉಪಕರಣವನ್ನು ಯಾರೂ ಒತ್ತುವುದಿಲ್ಲ, ಹೊಡೆಯುವುದಿಲ್ಲ.

ಉದಾಹರಣೆ: ತೂತುಗಳಿರುವ ತಟ್ಟೆ

ಅತಿ ಹೆಚ್ಚು ಗೊಂದಲ ಹುಟ್ಟಿಸುವ ವಸ್ತು ಇದು. ಅಂಗೈಯಗಲದ ಉಕ್ಕಿನ ತಟ್ಟೆ, ಅದರಲ್ಲಿ ಸಾಲು ತೂತು. ಕನಿಷ್ಠ ಆರು ಬೇರೆಬೇರೆ ಕಸುಬಿನಲ್ಲಿ ಇಂಥ ತಟ್ಟೆಯಿದೆ. ಬಿಡಿಸುವ ಕ್ರಮ ಹೀಗೆ:

ತೂತಿನೊಳಗೆ ಬೆಂಕಿಕಡ್ಡಿ ತೂರಿಸಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಒಳಮೈ ಕನ್ನಡಿಯಂತೆ ನಯ, ತೂತುಗಳು ಸಾಲಾಗಿ ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಸಣ್ಣ. ಇದು ಚಿನ್ನ, ಬೆಳ್ಳಿಯ ಕಂಬಿ ಎಳೆಯುವ ತಟ್ಟೆ. ಕಂಬಿಯ ತುದಿ ಚೂಪು ಮಾಡಿ ಅಗಲದ ಕಡೆಯಿಂದ ತೂರಿಸಿ, ಕಿರಿದರ ಕಡೆಯಿಂದ ಇಕ್ಕಳದಲ್ಲಿ ಎಳೆಯುತ್ತಾರೆ. ತೂತು ಸವೆದು ದೊಡ್ಡದಾದಾಗ ಸುತ್ತ ಬಡಿದು ಮತ್ತೆ ಕಿರಿದು ಮಾಡಿದ ಗುರುತೂ ಇರಬಹುದು.

ಕಡ್ಡಿಗೆ ಒಳಗೆ ಸುರುಳಿ ತಾಗಿದರೆ ಅದು ತಿರುಪು ಕೊರೆಯುವ ತಟ್ಟೆ. ಈಗಿನ ಡೈನಲ್ಲಿ ಚೂರು ಹೊರಬೀಳಲು ಕಿಂಡಿಯಿರುತ್ತದೆ. ಹಳೆಯದರಲ್ಲಿ ಎಷ್ಟೋ ಸಲ ಇರುವುದಿಲ್ಲ, ಅದು ಲೋಹವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಹಿಸುಕಿ ಸುರುಳಿ ಎಬ್ಬಿಸುತ್ತದೆ. ತಿರುಗಿಸಬೇಕಾದ್ದರಿಂದ ಒಂದು ಹಿಡಿಯೂ ಇರುತ್ತದೆ.

ತೂತು ಚೌಕವಾಗಿದ್ದು, ಒಂದೋ ಎರಡೋ ಮಾತ್ರ ಇದ್ದು, ಸುತ್ತ ಸ್ವಲ್ಪ ಉಬ್ಬಿದ್ದರೆ ಮೊಳೆಗೆ ತಲೆ ಕೂರಿಸುವ ಕಮ್ಮಾರರ ಉಪಕರಣ. ಮೊಳೆ ಸಿಕ್ಕಿಕೊಳ್ಳದೆ ಕೆಳಗೆ ಬೀಳಲೆಂದು ಅಡಿಭಾಗದಲ್ಲಿ ತೂತು ಅಗಲವಾಗಿರುತ್ತದೆ.

ತೂತು ದುಂಡಗೆ, ಮೇಲಂಚು ಹರಿತ, ಅಳತೆಗಳು ಕಾಲು ಇಂಚು, ಮುಕ್ಕಾಲು ಇಂಚು ಹೀಗೆ ಲೆಕ್ಕಕ್ಕೆ ಸಿಗುವಂತಿದ್ದರೆ ಮರದ ಬೆಣೆಗೂಟವನ್ನು ಬಡಿದು ದುಂಡಗೆ ಮಾಡುವ ಬಡಗಿಯ ತಟ್ಟೆ. ತೂತಿನ ಬಾಯಲ್ಲಿ ಮರದ ನಾರು ಸಿಗುತ್ತದೆ, ಮೇಲ್ಮೈಯಲ್ಲಿ ಗುರಿ ತಪ್ಪಿದ ಸುತ್ತಿಗೆಯ ಗುಳಿಗಳಿರುತ್ತವೆ.

ದುಂಡು ತಟ್ಟೆಯ ಅಂಚಿಗೆ ತೆರೆದ ಸೀಳುಗಳಿದ್ದು, ಪ್ರತಿ ಸೀಳಿನ ಕೊನೆಗೆ ಒಂದು ತೂತು, ಪಕ್ಕದಲ್ಲಿ ಅಂಕೆ ಇದ್ದರೆ ತಂತಿಯ ಗೇಜು. ಇಲ್ಲಿ ಬಹಳ ಜನ ತಂತಿಯನ್ನು ತೂತಿಗೆ ತೂರಿಸಿ ಅಳೆಯುತ್ತಾರೆ, ಅದು ತಪ್ಪು. ಅಳತೆ ಸೀಳಿನದು; ತೂತು ಇರುವುದು ತಂತಿ ಹೊರತೆಗೆಯಲು. ಬ್ರಿಟಿಷ್ ಸ್ಟ್ಯಾಂಡರ್ಡ್ ಗೇಜು 1884ರಿಂದ ಜಾರಿಗೆ ಬಂತು. ಅದರಲ್ಲಿ 8ನೇ ಸಂಖ್ಯೆಗೆ 4.06 ಮಿ.ಮೀ., 16ಕ್ಕೆ 1.63 ಮಿ.ಮೀ., 20ಕ್ಕೆ 0.914 ಮಿ.ಮೀ. ಕ್ಯಾಲಿಪರಿನಲ್ಲಿ ಅಳೆದಾಗ ಇವು ಹೊಂದದಿದ್ದರೆ ಬೇರೆ ಗೇಜು ಪದ್ಧತಿಯದು.

ತಟ್ಟೆ ಹಿತ್ತಾಳೆಯದಾಗಿ, ದುಂಡಗೆ, ಎರಡು ಇಂಚಿನಷ್ಟು ಅಗಲ, ತೂತು ನಕ್ಷತ್ರದಂತೆಯೋ ಸೀಳಿನಂತೆಯೋ ಇದ್ದರೆ ಕಾರ್ಖಾನೆ ಹುಡುಕಬೇಡಿ. ಅದು ಚಕ್ಕುಲಿ ಒರಳಿನ ಬಿಲ್ಲೆ.

ಚಕ್ರ, ಇಕ್ಕಳ ಮತ್ತು ನಮ್ಮ ಕಡೆಯ ಕೆಲವು ಒಗಟು

ಹಿಡಿಗೆ ಚಕ್ರ ಹಾಕಿದ ಉಪಕರಣಗಳನ್ನು ಬೇರ್ಪಡಿಸಲು ಹಲ್ಲು ನೋಡಿ. ಹಿತ್ತಾಳೆ, ಅಲೆಅಲೆಯಾದ ಅಂಚು: ಕರ್ಜಿಕಾಯಿ ಕತ್ತರಿಸುವುದು. ಉಕ್ಕಿನ ಸಣ್ಣ ಚಕ್ರ, ಸಮದೂರದ ಚೂಪು ಹಲ್ಲು: ಚರ್ಮದ ಮೇಲೆ ಹೊಲಿಗೆಯ ಜಾಗ ಗುರುತಿಸುವುದು ಅಥವಾ ದರ್ಜಿಯ ಗುರುತುಚಕ್ರ. ಒಂದು ಅಂಗುಲಕ್ಕೆ ಎಷ್ಟು ಹಲ್ಲು ಎಂದು ಎಣಿಸಿ, ಹತ್ತಿರದಲ್ಲಿ ಸಿಕ್ಕ ಚರ್ಮದ ಹೊಲಿಗೆಗೆ ಹೋಲಿಸಿ. ಗೇಣಗಲದ, ಹಲ್ಲಿಲ್ಲದ ಚಕ್ರ ಸಡಿಲವಾಗಿ ತಿರುಗುತ್ತಿದ್ದರೆ ಗಾಡಿಯ ಗಾಲಿ ಮಾಡುವವರು ಸುತ್ತಳತೆ ಎಣಿಸುವ ಚಕ್ರವಿರಬಹುದು. ಗಾಲಿಯ ಹೊರಸುತ್ತನ್ನೂ ಕಬ್ಬಿಣದ ಪಟ್ಟಿಯ ಒಳಸುತ್ತನ್ನೂ ಅದೇ ಚಕ್ರದಲ್ಲಿ ಸುತ್ತು ಎಣಿಸಿ, ಪಟ್ಟಿಯನ್ನು ಬೇಕೆಂದೇ ಕಿರಿದು ಮಾಡುತ್ತಿದ್ದರು. 1.2 ಮೀಟರ್ ಅಡ್ಡಳತೆಯ ಪಟ್ಟಿಯನ್ನು 400 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಸುತ್ತಳತೆ ಸುಮಾರು 18 ಮಿ.ಮೀ. ಹಿಗ್ಗುತ್ತದೆ, ಆರಿದಾಗ ಗಾಲಿಯನ್ನು ಬಿಗಿಯುತ್ತದೆ. ಚಕ್ರದ ಅಂಚಿನಲ್ಲಿ ಎಣಿಕೆ ಶುರುಮಾಡುವ ಒಂದು ಕಚ್ಚು ಇರುತ್ತದೆ, ಅದನ್ನು ಹುಡುಕಿ.

ಇಕ್ಕಳದಂಥದ್ದು ಸಿಕ್ಕರೆ ಬಾಯಿ ಪೂರ್ತಿ ಮುಚ್ಚಿ, ಸಂದಿಯಲ್ಲಿ ಬೆಳಕು ನೋಡಿ. ಮುಚ್ಚಿದಾಗಲೂ ಉಳಿಯುವ ಜಾಗದ ಆಕಾರವೇ ಅದು ಹಿಡಿಯುತ್ತಿದ್ದ ವಸ್ತುವಿನ ಆಕಾರ. ಬಾಯೊಳಗೆ ಸಣ್ಣ ಒತ್ತುಕಡ್ಡಿ, ಎದುರಿಗೆ ಇಳಿಜಾರಾದ ಅಡಿ ಇದ್ದರೆ ಗರಗಸದ ಹಲ್ಲನ್ನು ಒಂದು ಬಿಟ್ಟೊಂದು ಬಾಗಿಸುವ ಉಪಕರಣ. ಮೊಳದುದ್ದದ ಭಾರೀ ಇಕ್ಕಳ, ಬಾಯಿ ಮೊಂಡು, ಅಂಚಿನಲ್ಲಿ ಎರಡು ಸಣ್ಣ ತಡೆ: ಹೋರಿಗಳ ಬೀಜ ಒತ್ತುವ ಬರ್ಡಿಜೊ. ತಂತಿ ಕತ್ತರಿಯೆಂದು ಬಳಸಿದರೆ ಬಾಯಿ ಹಾಳಾಗುತ್ತದೆ.

ಅರ್ಧಚಂದ್ರದ ಸಣ್ಣ ತಟ್ಟೆಗೆ ಮೂರು ನಾಲ್ಕು ತೂತು ಇದ್ದು, ಜೋಡಿಯಾಗಿ ಸಿಕ್ಕರೆ ಎತ್ತಿನ ಲಾಳ. ಕುದುರೆಗೆ ಒಂದು ಗೊರಸಿಗೆ ಒಂದು. ಎತ್ತಿನ ಗೊರಸು ಸೀಳಿರುವುದರಿಂದ ಎರಡು ಹೋಳು. ಮಲೆನಾಡಿನ ಮನೆಗಳಲ್ಲಿ ಮಣೆಯಿಂದ ಕಳಚಿದ, ಬಾಯಿ ಮೇಲೆ ನೋಡುವ ಸಣ್ಣ ಕತ್ತಿ ಸಿಕ್ಕರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯೇ ಎಂದು ಮೊದಲು ಪರೀಕ್ಷಿಸಿ. ಕೆಳಭಾಗದಲ್ಲಿ ಮರಕ್ಕೆ ನಾಟುವ ಬಾಲವಿದ್ದು, ಕೈಹಿಡಿಯ ಹೊಳಪು ಎಲ್ಲೂ ಇರುವುದಿಲ್ಲ.

ಅಕ್ಷರ, ಅಂಕೆ, ಕಾಲ

ತೆಳು ಕಾಗದ ಇಟ್ಟು ಪೆನ್ಸಿಲನ್ನು ಓರೆಯಾಗಿ ಉಜ್ಜಿ. ಕಣ್ಣಿಗೆ ಕಾಣದ ಮುದ್ರೆ ಕಾಗದಕ್ಕೆ ಬರುತ್ತದೆ. ಉಳಿಯ ಮೇಲೆ ‘ಕಾಸ್ಟ್ ಸ್ಟೀಲ್’ ಎಂದಿದ್ದರೆ ಎರಕದ ಕಬ್ಬಿಣವೆಂದು ತಿಳಿದು ಎಸೆಯಬೇಡಿ. ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ರೂಢಿಸಿದ, ಮೂಸೆಯಲ್ಲಿ ಕರಗಿಸಿ ಮಾಡುವ ಉತ್ತಮ ಉಕ್ಕಿಗೆ ಆ ಹೆಸರಿತ್ತು. ‘ಆರ್‌ಡಿ. ನಂ.’ ಎಂದು ಅಂಕೆಯಿದ್ದರೆ 1884ರ ನಂತರದ ಬ್ರಿಟಿಷ್ ವಿನ್ಯಾಸ ನೋಂದಣಿ. ಬಾಣದ ತಲೆಯಂಥ ಮೂರು ಗೆರೆ ಬ್ರಿಟಿಷ್ ಸರ್ಕಾರಿ ಆಸ್ತಿಯ ಗುರುತು. ‘ವೆಸ್ಟ್ ಜರ್ಮನಿ’ ಎಂದರೆ 1949ರಿಂದ 1990ರ ನಡುವಿನದು. ಐಎಸ್‌ಐ ಮುದ್ರೆ 1952ರ ಕಾಯ್ದೆಯ ನಂತರದ್ದು. ಪೆಟ್ಟಿಗೆಯ ಚೀಟಿಯಲ್ಲಿ ಬೆಲೆ ಆಣೆಯಲ್ಲಿದ್ದರೆ 1957ಕ್ಕಿಂತ ಮೊದಲಿನದೆಂದು ಬಹುಮಟ್ಟಿಗೆ ಹೇಳಬಹುದು; ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಮೊದಲು; ಪಿನ್ ಕೋಡ್ ಇದ್ದರೆ 1972ರ ಆಗಸ್ಟಿನ ನಂತರ.

ಸ್ಪ್ಯಾನರಿನ ಮೇಲೆ 1/2 ಎಂದು ಬರೆದಿದ್ದು, ಬಾಯಿ ಅಳೆದರೆ 23.4 ಮಿ.ಮೀ. ಬರುತ್ತದೆ, ಆಗ ‘ತಪ್ಪು ಮುದ್ರೆ’ ಎಂದು ಕೈಬಿಡುವವರಿದ್ದಾರೆ. ಅದು ವಿಟ್ವರ್ತ್ ಎಂಬ ಹಳೆಯ ಬ್ರಿಟಿಷ್ ತಿರುಪಿನ ಪದ್ಧತಿಯ ಸ್ಪ್ಯಾನರ್. ಅಂಕೆ ಬೋಲ್ಟಿನ ಕಂಬದ ಅಡ್ಡಳತೆಯದು, ತಲೆಯದಲ್ಲ. 1/4ಕ್ಕೆ 13.3 ಮಿ.ಮೀ., 3/8ಕ್ಕೆ 18 ಮಿ.ಮೀ. ಬಾಯಿ. ವಿಟ್ವರ್ತ್ ತಿರುಪಿನ ಕೋನ 55 ಡಿಗ್ರಿ, ಈಗಿನ ಮೆಟ್ರಿಕ್ ತಿರುಪಿನದು 60. ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು ಇದ್ದರೆ ವಿಟ್ವರ್ತ್, 13 ಇದ್ದರೆ ಅಮೆರಿಕದ ದಪ್ಪ ತಿರುಪು. ಸಣ್ಣ ತೂಕದ ಬೊಟ್ಟುಗಳು ಸಿಕ್ಕರೆ ಗ್ರಾಂನಲ್ಲಿ ತೂಗಿ, 11.66ರಿಂದ ಭಾಗಿಸಿ ನೋಡಿ. ಪೂರ್ತಿ ಅಥವಾ ಅರ್ಧ, ಕಾಲು ಬಂದರೆ ತೊಲದ ತೂಕ.

ವಿದೇಶಕ್ಕೆ ಕಳುಹಿಸುವ ಯೋಚನೆಯಿದ್ದರೆ ತಡೆಯಿರಿ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯಾಗಿ ದೇಶದಾಚೆ ಒಯ್ಯುವುದನ್ನು 1972ರ ಕಾಯ್ದೆ ನಿಷೇಧಿಸುತ್ತದೆ.

ಊಹೆಯನ್ನು ಪರೀಕ್ಷಿಸುವುದು

ಈಗ ಸೋಪು ತೆಗೆದುಕೊಳ್ಳಿ. ಉಪಕರಣದ ಬಾಯಿಯನ್ನು ಸೋಪಿನ ಮೇಲೆ ಒತ್ತಿ, ಆಮೇಲೆ ಇನ್ನೊಂದು ಜಾಗದಲ್ಲಿ ಎಳೆಯಿರಿ. ಒತ್ತಿದಾಗ ಹೂವೋ ಎಲೆಯೋ ಮೂಡಿದರೆ ಅಚ್ಚುಮೊಳೆ. ಎಳೆದಾಗ ಸಮನಾದ ಕಾಲುವೆ ಬಂದರೆ ಕೆತ್ತುವುದು. ಸೋಪು ಕಚ್ಚದೆ ಬರೀ ಮಿರುಗಿದರೆ ಹೊಳಪು ಕೊಡುವ ಉಪಕರಣ. ನಿಜವಾದ ಬೆಂಕಿ, ನಿಜವಾದ ಸುತ್ತಿಗೆಯಿಂದ ಪರೀಕ್ಷಿಸಬೇಡಿ. ಹದವಿದ್ದ ಹಳೆಯ ಉಕ್ಕು ಪೆಟ್ಟಿಗೆ ಚೂರಾಗಿ ಕಣ್ಣಿಗೆ ಹಾರಬಹುದು. ಅಣಬೆಯಂತೆ ಅರಳಿದ ತಲೆಯಿಂದ ಸಿಡಿಯುವ ಚೂರು ಇನ್ನೂ ಅಪಾಯ.

ಹೆಸರು ಹೊಳೆದರೂ ಚೀಟಿಯಲ್ಲಿ ಮೂರು ಸಾಲು ಬೇರೆಬೇರೆ ಬರೆಯಿರಿ: ಅಳೆದದ್ದು, ಕಂಡದ್ದು, ಊಹಿಸಿದ್ದು. ಮುಂದೆ ಕಸುಬು ಬಲ್ಲವರು ನೋಡಿದಾಗ ಊಹೆ ಬದಲಾಗಬಹುದು, ಅಳತೆ ಬದಲಾಗಬಾರದು. ಅವರಿಗೆ ತೋರಿಸುವಾಗ ನಿಮ್ಮ ಊಹೆಯನ್ನು ಮೊದಲೇ ಹೇಳಬೇಡಿ. ಉಪಕರಣವನ್ನು ಕೈಗೆ ಕೊಟ್ಟು ಸುಮ್ಮನೆ ನೋಡಿ. ಗೊತ್ತಿರುವವರ ಕೈ ಅದನ್ನು ತಾನಾಗಿ ಸರಿಯಾದ ಕಡೆ ಹಿಡಿಯುತ್ತದೆ, ಹೆಸರು ಆಮೇಲೆ ಬರುತ್ತದೆ. ಹೆಸರನ್ನು ಅವರು ಹೇಳಿದ ಉಚ್ಚಾರದಲ್ಲೇ ಬರೆದುಕೊಳ್ಳಿ, ಊರೂರಿಗೆ ಬೇರೆಯಿರುತ್ತದೆ. ಮರ ನಯ ಮಾಡುವ ಬಡಗಿಯ ಹತ್ತರಿಯನ್ನೇ ಉಜ್ಜುಗೊರಡು, ತೋಪಡ ಎಂದೆಲ್ಲ ಕರೆಯುತ್ತಾರೆ.

ಅಂಥ ಹತ್ತರಿಯೊಂದು ಸಿಕ್ಕಿ, ಅದರ ಅಡಿ ಚಪ್ಪಟೆಯಿಲ್ಲದೆ ತಗ್ಗು ಉಬ್ಬಾಗಿದ್ದರೆ, ಬಾಯಿಯನ್ನು ಸೋಪಿನ ಅಂಚಿಗೆ ಎಳೆದು ಬಂದ ಆಕಾರವನ್ನು ಕಾಗದದ ಮೇಲೆ ಗೀಚಿ ಕತ್ತರಿಸಿಕೊಳ್ಳಿ. ಆ ಕಾಗದ ಹಿಡಿದು ಅದು ಸಿಕ್ಕ ಮನೆಯ ಬಾಗಿಲ ಚೌಕಟ್ಟು, ಕಿಟಕಿಯ ಅಂಚು, ತೊಲೆಯ ಕೆಳಭಾಗ, ಹಳೆಯ ಮಂಚದ ಕಾಲು ಒಂದೊಂದಕ್ಕೂ ಇಟ್ಟು ನೋಡುತ್ತ ಬನ್ನಿ. ಬಣ್ಣದ ಪದರ ದಪ್ಪಗಿದ್ದರೆ ಕಾಗದ ಒಂದೆರಡು ಮಿ.ಮೀ. ಸಡಿಲವಾಗಿ ಕೂರಬಹುದು, ಬಣ್ಣ ಎದ್ದುಹೋದ ಮೂಲೆಯನ್ನೇ ಆರಿಸಿಕೊಳ್ಳಿ. ಕಾಗದ ಸಂದಿಲ್ಲದೆ ಕೂತ ಚೌಕಟ್ಟು ಸಿಕ್ಕರೆ, ಅದರ ಫೋಟೋವನ್ನೂ ಹತ್ತರಿಯ ಚೀಟಿಯ ಜೊತೆಗೇ ಕಟ್ಟಿಡಿ.